ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಳಕು ಸುತ್ತು ಹಾಕುವ ಉಂಗುರ

ಸಿಲಿಕಾನ್ ಚಿಪ್ ಮೇಲೆ ಕೊರೆದ ಪುಟ್ಟ ರಿಂಗ್ ರೆಸೊನೇಟರ್‌ಗಳ (ಆಯ್ದ ತರಂಗದೂರದ ಬೆಳಕನ್ನು ಸುತ್ತಿಸಿ ಹಿಡಿದಿಡುವ ಉಂಗುರಗಳ) ಬಗ್ಗೆ ಬಂದ ಪತ್ರಗಳಿಗೆಂದೇ ಈ ಸಲದ ಅಂಕಣ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಎದುರು ಬದಿಯವರಿಗೆ ಕೇಳಿಸುತ್ತದೆ. ಚಿಪ್ ಮೇಲಿನ ಉಂಗುರದಲ್ಲಿ ಬೆಳಕು ಸುತ್ತುವುದೂ ಹೀಗೆಯೇ ಎಂದು ತರಗತಿಯಲ್ಲಿ ಹೇಳಬಹುದೇ?
– ಪಿಯು ಉಪನ್ಯಾಸಕರು, ವಿಜಯಪುರ

ಉತ್ತರ: ಅರ್ಧದಷ್ಟು ಹೇಳಬಹುದು. ಗುಮ್ಮಟದಲ್ಲಿ ದನಿ ಗೋಡೆಗೆ ಅಂಟಿಕೊಂಡು ಬಾಗುತ್ತ ಸಾಗುತ್ತದೆ, ಒಳಬದಿ ಬಯಲು. ಗಾಜಿನ ಗೋಲಿಯಲ್ಲೋ ತಟ್ಟೆಯಾಕಾರದ ರೆಸೊನೇಟರ್‌ನಲ್ಲೋ ಬೆಳಕು ಸುತ್ತುವುದು ಹೀಗೆಯೇ. ರಿಂಗ್ ಹಾಗಲ್ಲ. ಅದು ಸುಮಾರು 450ರಿಂದ 500 ನ್ಯಾನೋಮೀಟರ್ ಅಗಲ, 220 ನ್ಯಾನೋಮೀಟರ್ ಎತ್ತರದ ಸಿಲಿಕಾನ್ ಕಾಲುವೆಯನ್ನು ಬಳೆಯಂತೆ ಬಗ್ಗಿಸಿದ್ದು. ಅದಕ್ಕೆ ಹೊರದಂಡೆಯೂ ಇದೆ, ಒಳದಂಡೆಯೂ ಇದೆ. ಸಿಲಿಕಾನ್‌ನ ವಕ್ರೀಭವನಾಂಕ 3.48, ಸುತ್ತಲಿನ ಸಿಲಿಕಾದ್ದು 1.44. ಇಷ್ಟು ಅಂತರವಿರುವುದರಿಂದಲೇ ಕೂದಲೆಳೆಗಿಂತ ಕಿರಿದಾದ ತಿರುವಿನಲ್ಲೂ ಬೆಳಕು ಹೊರಗೆ ಚೆಲ್ಲುವುದಿಲ್ಲ.

ಮಕ್ಕಳಿಗೆ ಹೇಳಲೇಬೇಕಾದ ಸಂಗತಿ ಬೇರೆ ಇದೆ. ಪಿಸುಮಾತು ಎದುರಿನ ಕಿವಿಗೆ ತಲುಪಿದರೆ ಅಲ್ಲಿಗೆ ಮುಗಿಯಿತು. ಉಂಗುರದಲ್ಲಿ ಒಂದು ಸುತ್ತು ಹಾಕಿ ಬಂದ ಅಲೆ, ಆಗತಾನೇ ಒಳಗೆ ಬರುತ್ತಿರುವ ಅಲೆಯ ಜೊತೆ ಹೆಜ್ಜೆ ಹೊಂದಿಸಬೇಕು. ಜೋಕಾಲಿ ತೂಗುವಾಗ ಸರಿಯಾದ ಹೊತ್ತಿಗೆ ಕೈ ಕೊಟ್ಟ ಹಾಗೆ. ಸುತ್ತಳತೆಯಲ್ಲಿ ಪೂರ್ಣಸಂಖ್ಯೆಯ ಅಲೆಗಳು ಕೂರುವ ತರಂಗದೂರದಲ್ಲಿ ಮಾತ್ರ ಉಂಗುರದೊಳಗೆ ಬೆಳಕು ಪೇರುತ್ತದೆ. ಉಂಗುರಕ್ಕೆ ಬೆಳಕು ಕೊಡುವುದು ಕಿರಿದಾದ ಸಂದಿಯ (ಗ್ಯಾಪ್) ಆಚೆ ಹಾದುಹೋಗುವ ನೇರ ಕಾಲುವೆ. ಅದರ ಹೊರತುದಿಯಲ್ಲಿ ಆ ತರಂಗದೂರ ಕಾಣೆಯಾಗುತ್ತದೆ; ಅಳತೆಯಲ್ಲಿ ಕಾಣುವ ಈ ತಗ್ಗೇ ಡಿಪ್. ಉಳಿದ ಬೆಳಕಿಗೆ ಉಂಗುರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಲೆಕ್ಕ ಹಾಕಿಸಿ ನೋಡಿ. ತ್ರಿಜ್ಯ 10 ಮೈಕ್ರೋಮೀಟರ್, ಸುತ್ತಳತೆ 62.8. ಕಾಲುವೆಯಲ್ಲಿ ಬೆಳಕಿಗೆ ಸಿಗುವ ಪರಿಣಾಮಿ ವಕ್ರೀಭವನಾಂಕ (ಮುಂದೆ ಬರೀ ಸೂಚ್ಯಂಕ) ಸುಮಾರು 2.4. ಎರಡನ್ನೂ ಗುಣಿಸಿದರೆ 151 ಮೈಕ್ರೋಮೀಟರ್, ಅಂದರೆ 1.55 ಮೈಕ್ರೋಮೀಟರ್‌ನ 97 ಅಲೆಗಳು. ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಪಕ್ಕಪಕ್ಕದ ಎರಡು ಅನುರಣನಗಳ (ಬೆಳಕು ಪೇರುವ ತರಂಗದೂರಗಳ) ನಡುವಿನ ಅಂತರ, ಲ್ಯಾಬಿನವರು ಎಫ್‌ಎಸ್‌ಆರ್ ಅನ್ನುವುದು, ತರಂಗದೂರದ ವರ್ಗವನ್ನು ಸೂಚ್ಯಂಕ ಮತ್ತು ಸುತ್ತಳತೆಯ ಗುಣಲಬ್ಧದಿಂದ ಭಾಗಿಸಿದರೆ ಸಿಗುತ್ತದೆ. ಇದಕ್ಕೂ 2.4 ಹಾಕಿದರೆ 16 ನ್ಯಾನೋಮೀಟರ್ ಬರುತ್ತದೆ. ಚಿಪ್ ತೋರಿಸುವುದು 9.1. ತರಂಗದೂರದೊಂದಿಗೆ ಆ 2.4 ಕೂಡ ಬದಲಾಗುತ್ತಿರುತ್ತದೆ. ಆ ಬದಲಾವಣೆಯನ್ನೂ ಸೇರಿಸಿಕೊಂಡ ಗ್ರೂಪ್ ಸೂಚ್ಯಂಕ, ಸುಮಾರು 4.2, ಇಲ್ಲಿ ಹಾಕಬೇಕಾದದ್ದು.

ಪ್ರಶ್ನೆ: 220 ನ್ಯಾನೋಮೀಟರ್ ಸಿಲಿಕಾನ್ ಪದರದ ವೇಫರ್‌ಗೆ ಮೊದಲ ಸಲ ರಿಂಗ್ ಬಿಡಿಸುತ್ತಿದ್ದೇನೆ. ತ್ರಿಜ್ಯ ಎಷ್ಟು, ಗ್ಯಾಪ್ ಎಷ್ಟು ಇಡಲಿ?
– ಎಂ.ಟೆಕ್. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ತ್ರಿಜ್ಯ 10 ಮೈಕ್ರೋಮೀಟರ್ ಇಡಿ. 5ಕ್ಕೂ ಇಳಿಸಬಹುದು, ಎಫ್‌ಎಸ್‌ಆರ್ ದುಪ್ಪಟ್ಟಾಗುತ್ತದೆ. ಆದರೆ ನೇರ ಕಾಲುವೆ ಮತ್ತು ಉಂಗುರ ಹತ್ತಿರ ಸಾಗುವ ಉದ್ದ ಕಡಿಮೆಯಾಗಿ ಗ್ಯಾಪ್ ತೀರ ಕಿರಿದಾಗಿಸಬೇಕಾಗುತ್ತದೆ. ಮೊದಲ ಚಿಪ್‌ಗೆ ಆ ತಲೆನೋವು ಬೇಡ.

ಗ್ಯಾಪ್‌ಗೆ ಒಂದೇ ಅಂಕಿ ಕೊಡುವುದಿಲ್ಲ, ಕೊಟ್ಟವರನ್ನು ನಂಬಲೂ ಬೇಡಿ. ಕಾರಣ ಇದು. ಕಾಲುವೆಯ ನಷ್ಟ ಸೆಂಟಿಮೀಟರ್‌ಗೆ 2 ಡಿಬಿ (ಡೆಸಿಬೆಲ್) ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 0.013 ಡಿಬಿ, ಅಂದರೆ ನೂರರಲ್ಲಿ 0.3 ಭಾಗ ಮಾತ್ರ ಕಳೆದುಹೋಗುತ್ತದೆ. ಗ್ಯಾಪ್ ದಾಟಿ ಒಳಗೆ ಹೋಗುವ ಪಾಲೂ ಅಷ್ಟೇ ಇದ್ದರೆ ಡಿಪ್ ಅತಿ ಆಳವಾಗುತ್ತದೆ. ಇದೇ ಕ್ರಿಟಿಕಲ್ ಕಪ್ಲಿಂಗ್. ನಿಮ್ಮ ಫ್ಯಾಬ್‌ನ (ಚಿಪ್ ತಯಾರಿಸುವ ಘಟಕದ) ನಷ್ಟ 2 ಡಿಬಿಯೋ 6 ಡಿಬಿಯೋ ಎಂಬುದು ಚಿಪ್ ಬರುವವರೆಗೆ ಗೊತ್ತಾಗುವುದಿಲ್ಲ. ಅತ್ತ ಕಪ್ಲಿಂಗ್ ಗ್ಯಾಪ್‌ನೊಂದಿಗೆ ಘಾತೀಯವಾಗಿ ಬದಲಾಗುತ್ತದೆ. 30 ನ್ಯಾನೋಮೀಟರ್ ಆಚೀಚೆಯಾದರೆ ಕಥೆಯೇ ಬೇರೆ. ಹಾಗಾಗಿ 150, 175, 200, 225, 250, 300 ನ್ಯಾನೋಮೀಟರ್ ಗ್ಯಾಪ್‌ನ ಆರು ಉಂಗುರಗಳನ್ನು ಸಾಲಾಗಿ ಇಡಿ. ಚಿಪ್ ಮೇಲೆ ಜಾಗಕ್ಕೇನೂ ಬರವಿಲ್ಲ. 150ಕ್ಕಿಂತ ಕಿರಿದಾದಲ್ಲಿ ಎಚ್ಚಿಂಗ್ (ಸಿಲಿಕಾನ್ ಕೊರೆಯುವ ಕ್ರಿಯೆ) ತಳ ಮುಟ್ಟದೆ ಎರಡೂ ಕಾಲುವೆ ಅಂಟಿಕೊಳ್ಳುವ ಭಯ. ಕಿರಿದಾದ ಗ್ಯಾಪ್‌ನೊಳಗೆ ಮೇಲಿನ ಆಕ್ಸೈಡ್ ಪೂರ್ತಿ ಇಳಿಯದೆ ಗಾಳಿ ಉಳಿಯುವುದೂ ಉಂಟು. ಆಗ ಕಪ್ಲಿಂಗ್ ಸಿಮ್ಯುಲೇಷನ್ ಹೇಳಿದ್ದಕ್ಕಿಂತ ಕಡಿಮೆ ಬರುತ್ತದೆ.

ಉಂಗುರವಿಲ್ಲದ ಬರೀ ನೇರ ಕಾಲುವೆಯೊಂದನ್ನು ಅದೇ ಉದ್ದ, ಅದೇ ಗ್ರೇಟಿಂಗ್ ಕಪ್ಲರ್‌ಗಳೊಂದಿಗೆ (ಫೈಬರ್ ಮತ್ತು ಕಾಲುವೆಯ ನಡುವೆ ಬೆಳಕು ದಾಟಿಸುವ ಗೀರುಸಾಲು) ಪಕ್ಕದಲ್ಲಿಡಲು ಮರೆಯಬೇಡಿ. ಅದಿಲ್ಲದಿದ್ದರೆ ಅಳತೆಯ ದಿನ ಹೋಲಿಸಲು ಏನೂ ಇರುವುದಿಲ್ಲ. 70 ನ್ಯಾನೋಮೀಟರ್ ಆಳಕ್ಕೆ ಕೊರೆದ, ಸುಮಾರು 630 ನ್ಯಾನೋಮೀಟರ್ ಅವಧಿಯ ಗ್ರೇಟಿಂಗ್ ಈ ವೇಫರ್‌ಗೆ ರೂಢಿ. ಫೈಬರನ್ನು ಲಂಬದಿಂದ 10 ಡಿಗ್ರಿ ವಾಲಿಸಿ ಹಿಡಿಯಬೇಕು.

ಲೇಔಟ್ ಫೈಲ್‌ನಲ್ಲಿ ವೃತ್ತವೆಂದರೆ ನಿಜಕ್ಕೂ ಬಹುಭುಜ. ಸಾಫ್ಟ್‌ವೇರ್ 64 ಭುಜ ಹಾಕಿದರೆ 10 ಮೈಕ್ರೋಮೀಟರ್ ತ್ರಿಜ್ಯದಲ್ಲಿ ಪ್ರತಿ ಭುಜದ ನಡುಭಾಗ 12 ನ್ಯಾನೋಮೀಟರ್ ಒಳಕ್ಕೆ ಸರಿದಿರುತ್ತದೆ. ಪ್ರತಿ ಮೂಲೆಯಲ್ಲೂ ಬೆಳಕು ಚೆದರುತ್ತದೆ. 360 ಭುಜ ಹಾಕಿ, ತಪ್ಪು 0.4 ನ್ಯಾನೋಮೀಟರ್‌ಗೆ ಇಳಿಯುತ್ತದೆ. ಇ-ಬೀಮ್‌ನಲ್ಲಿ (ಎಲೆಕ್ಟ್ರಾನ್ ಕಿರಣದಲ್ಲಿ) ಬರೆಸುವುದಾದರೆ ಇಡೀ ಉಂಗುರ ಒಂದೇ ರೈಟ್‌ಫೀಲ್ಡ್‌ನೊಳಗೆ (ಕಿರಣ ಒಂದೇ ಸಲಕ್ಕೆ ಬರೆಯುವ ಚೌಕದೊಳಗೆ) ಬರಲಿ. ಫೀಲ್ಡ್‌ನ ಅಂಚು ಉಂಗುರವನ್ನು ದಾಟಿದರೆ ಅಲ್ಲಿ ಕಾಲುವೆ ಕೆಲವು ಹತ್ತು ನ್ಯಾನೋಮೀಟರ್ ಜಾರಿ ಕೂರಬಹುದು.

ಚಿಪ್ ಎಲ್ಲಿ ಮಾಡಿಸುವುದೆಂದು ಇನ್ನೂ ಇಬ್ಬರು ಕೇಳಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರಕ್ಕೆ ಐಎನ್‌ಯುಪಿ (ಭಾರತೀಯ ನ್ಯಾನೋಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ) ಯೋಜನೆಯ ಮೂಲಕ ಹೊರಗಿನ ಕಾಲೇಜಿನವರೂ ಅರ್ಜಿ ಹಾಕಬಹುದು.

ಪ್ರಶ್ನೆ: ಚಿಪ್ ಬಂದಿದೆ, ಲೇಸರ್ ಹಾಯಿಸಿದೆ. ಕೆಲವು ಉಂಗುರಗಳಲ್ಲಿ ಡಿಪ್ ಕಾಣುತ್ತಲೇ ಇಲ್ಲ, ಕೆಲವದರಲ್ಲಿ ಬರೀ 3 ಡಿಬಿ. ನಡುನಡುವೆ ಎಲ್ಲೆಡೆ ಅಲೆಅಲೆಯಾಗಿ ಏರಿಳಿತ. ಎಲ್ಲಿ ತಪ್ಪಾಗಿದೆ?
– ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಚಿಪ್ ಮೇಲೆ ಅನುಮಾನ ಪಡುವ ಮೊದಲು ಮೇಜಿನ ಮೇಲಿರುವುದನ್ನು ನೋಡಿ.

ಮೊದಲನೆಯದು ಲೇಸರ್‌ನ ಹೆಜ್ಜೆ. ಕ್ಯೂ ಎಂದರೆ ತರಂಗದೂರವನ್ನು ಡಿಪ್‌ನ ಅಗಲದಿಂದ ಭಾಗಿಸಿದ್ದು. ಕ್ಯೂ 10,000 ಇದ್ದರೆ ಅಗಲ 155 ಪಿಕೋಮೀಟರ್. 1,00,000 ಆದರೆ ಬರೀ 15.5. ನೀವು ಲೇಸರನ್ನು 20 ಪಿಕೋಮೀಟರ್ ಹೆಜ್ಜೆಯಲ್ಲಿ ಓಡಿಸಿದರೆ ಡಿಪ್ ಎರಡು ಹೆಜ್ಜೆಗಳ ಸಂದಿಯಲ್ಲೇ ಕಳೆದುಹೋಗುತ್ತದೆ. ಅಗಲವಾದ ಗ್ಯಾಪ್‌ನ ಉಂಗುರಗಳಲ್ಲೇ ಡಿಪ್ ಕಾಣೆಯಾಗಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಮೊದಲು ಇಡೀ ವ್ಯಾಪ್ತಿಯನ್ನು 5 ಪಿಕೋಮೀಟರ್‌ನಲ್ಲಿ, ಅನುಮಾನವಿದ್ದ ಕಡೆ 1 ಪಿಕೋಮೀಟರ್‌ನಲ್ಲಿ ಮತ್ತೆ ಓಡಿಸಿ.

ಎರಡನೆಯದು ಪೋಲರೈಸೇಷನ್. ಗ್ರೇಟಿಂಗ್ ಕಪ್ಲರ್ ಟಿಇ (ವಿದ್ಯುತ್ ಕ್ಷೇತ್ರ ಚಿಪ್‌ಗೆ ಸಮಾಂತರವಾಗಿ ಕಂಪಿಸುವ) ಬೆಳಕನ್ನಷ್ಟೇ ಚೆನ್ನಾಗಿ ಒಳಗೆ ಬಿಡುತ್ತದೆ. ಫೈಬರ್ ಸುತ್ತಿದ ಮೂರು ಪ್ಯಾಡಲ್‌ಗಳನ್ನು ಒಂದೊಂದಾಗಿ ತಿರುಗಿಸಿ ಪವರ್ ಗರಿಷ್ಠಕ್ಕೆ ತಂದು, ಆಮೇಲೆ ಫೈಬರ್ ಮುಟ್ಟಬೇಡಿ. ಈ ಹೊಂದಾಣಿಕೆಯನ್ನು ಡಿಪ್ ಇರುವ ತರಂಗದೂರದಲ್ಲಿ ಕೂತು ಮಾಡಬಾರದು.

ಆ ಏರಿಳಿತ ಉಂಗುರದ್ದಲ್ಲ. ಎರಡು ಗ್ರೇಟಿಂಗ್‌ಗಳ ನಡುವೆ ಸ್ವಲ್ಪ ಬೆಳಕು ಹಿಂದಕ್ಕೂ ಮುಂದಕ್ಕೂ ಪುಟಿಯುತ್ತಿರುತ್ತದೆ. ಅವುಗಳ ನಡುವೆ 1 ಮಿಲಿಮೀಟರ್ ಕಾಲುವೆ ಇದ್ದರೆ ಸುಮಾರು 0.29 ನ್ಯಾನೋಮೀಟರ್‌ಗೊಮ್ಮೆ ಏರಿಳಿತ ಬರುತ್ತದೆ. ನಿಮ್ಮ ಕಾಲುವೆಯ ಉದ್ದ ಹಾಕಿ ಲೆಕ್ಕ ಮಾಡಿ, ಹೊಂದಿದರೆ ಅದೇ. ಪಕ್ಕದ ಬರೀ ಕಾಲುವೆಯಲ್ಲೂ ಅದು ಕಾಣಬೇಕು. ಉಂಗುರದ ಡಿಪ್‌ಗಳು 9 ನ್ಯಾನೋಮೀಟರ್‌ಗೊಂದು ಮಾತ್ರ.

ಇನ್ನು 3 ಡಿಬಿಯ ಮಾತು. ಡಿಪ್ ಆಳವಿಲ್ಲದಿರಲು ಪರಸ್ಪರ ವಿರುದ್ಧವಾದ ಎರಡು ಕಾರಣಗಳಿವೆ: ಗ್ಯಾಪ್ ತೀರ ಕಿರಿದಾಗಿ ಬೆಳಕು ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಹೋಗುತ್ತಿದೆ, ಇಲ್ಲವೇ ತೀರ ಅಗಲವಾಗಿ ಒಳಗೆ ಹೋಗುತ್ತಲೇ ಇಲ್ಲ. ಒಂದೇ ಉಂಗುರದ ಪವರ್ ರೇಖೆ ನೋಡಿ ಯಾವುದೆಂದು ಹೇಳಲಾಗದು. ಎರಡೂ ಒಂದೇ ಆಕಾರ ಕೊಡುತ್ತವೆ. ಆರು ಗ್ಯಾಪ್‌ಗಳ ಸಾಲು ಬೇಕಾಗುವುದು ಇಲ್ಲಿ. ಕಿರಿದಾದ ಗ್ಯಾಪ್‌ನಿಂದ ಅಗಲದ ಗ್ಯಾಪ್‌ನತ್ತ ಹೋದಂತೆ ಡಿಪ್ ಕಿರಿದಾಗುತ್ತಲೇ ಹೋಗಬೇಕು. ಆಳ ಮಾತ್ರ ಮೊದಲು ಹೆಚ್ಚಿ, ಒಂದು ಗ್ಯಾಪ್‌ನಲ್ಲಿ ತುತ್ತತುದಿಗೇರಿ, ಆಮೇಲೆ ಇಳಿಯುತ್ತದೆ. ತುದಿಯ ಎಡಕ್ಕಿರುವವು ಅತಿ ಕಪ್ಲಿಂಗ್, ಬಲಕ್ಕಿರುವವು ಕೊರತೆ ಕಪ್ಲಿಂಗ್. 150 ನ್ಯಾನೋಮೀಟರ್‌ನಿಂದಲೇ ಆಳ ಬರೀ ಇಳಿಯುತ್ತಿದ್ದರೆ ನಿಮ್ಮ ಕಾಲುವೆಯ ನಷ್ಟ ದೊಡ್ಡದು, ಅತಿ ಕಿರಿದಾದ ಗ್ಯಾಪ್‌ನ ಕಪ್ಲಿಂಗ್ ಕೂಡ ಅದಕ್ಕಿಂತ ಸಣ್ಣದು. ಅಗಲ ಕಿರಿದಾಗದೆ ಒಂದೆಡೆ ನಿಂತುಬಿಟ್ಟರೆ, ಅದು ಉಂಗುರದ ಸ್ವಂತ ನಷ್ಟದ ಅಗಲ. ಅದರಿಂದ ಸೆಂಟಿಮೀಟರ್‌ಗೆ ಎಷ್ಟು ಡಿಬಿ ಎಂದು ನೇರವಾಗಿ ತೆಗೆಯಬಹುದು. 2 ಡಿಬಿ ನಷ್ಟಕ್ಕೆ ಆ ಕ್ಯೂ ಸುಮಾರು 3,70,000 ಬರಬೇಕು. 40,000ಕ್ಕೇ ನಿಂತಿದ್ದರೆ ಗೋಡೆ ಒರಟಾಗಿದೆ. ಎಚ್ಚಿಂಗ್ ಇಲ್ಲವೇ ರೆಸಿಸ್ಟ್ (ನಮೂನೆ ಮೂಡಿಸಲು ಬಳಿಯುವ ಲೇಪ) ಕಡೆ ನೋಡಬೇಕು.

ಪ್ರಶ್ನೆ: ಒಂದು ಡಿಪ್ ಇರಬೇಕಾದ ಕಡೆ ಎರಡಿವೆ. ಇನ್ನೊಂದು ಮೋಡ್ ಇದೆಯೆಂದು ಗೈಡ್ ಹೇಳುತ್ತಾರೆ. ಹೌದೇ?
– ಅದೇ ಊರಿನ ಇನ್ನೊಬ್ಬ ಓದುಗರು

ಉತ್ತರ: ಐದಾರು ಎಫ್‌ಎಸ್‌ಆರ್ ದೂರದವರೆಗೂ ಅಳೆದು ನೋಡಿ. ಇನ್ನೊಂದು ಮೋಡ್ (ಕಾಲುವೆಯೊಳಗೆ ಬೆಳಕು ಹರಡಿಕೊಂಡು ಸಾಗುವ ಇನ್ನೊಂದು ಬಗೆ) ಆಗಿದ್ದರೆ ಅದರ ಗ್ರೂಪ್ ಸೂಚ್ಯಂಕವೂ ಬೇರೆ, ಎಫ್‌ಎಸ್‌ಆರ್ ಕೂಡ ಬೇರೆ. ಎರಡು ಸಾಲು ಡಿಪ್‌ಗಳು ಒಂದರಿಂದೊಂದು ದೂರ ಸರಿಯುತ್ತ ಹೋಗುತ್ತವೆ. ಎಲ್ಲ ಕಡೆ ಜೋಡಿಯಾಗಿಯೇ ಇದ್ದು, ಜೋಡಿಯ ನಡುವಿನ ಅಂತರ ಮಾತ್ರ ಒಂದರಲ್ಲಿ 30 ಪಿಕೋಮೀಟರ್, ಪಕ್ಕದ್ದರಲ್ಲಿ 10, ಮತ್ತೊಂದರಲ್ಲಿ ಸೀಳೇ ಇಲ್ಲ ಎನ್ನುವಂತೆ ಲಂಗುಲಗಾಮಿಲ್ಲದೆ ಬದಲಾಗುತ್ತಿದ್ದರೆ ಗೈಡ್ ಹೇಳಿದ್ದು ತಪ್ಪು. ಗೋಡೆಯ ಒರಟಿಗೆ ತಾಗಿದ ಬೆಳಕು ಹಿಂದಕ್ಕೆ ತಿರುಗಿ ಎಡಸುತ್ತು ಬಲಸುತ್ತು ಎರಡೂ ಬೆರೆತಿವೆ. ಕ್ಯೂ ಹೆಚ್ಚಿದ್ದಷ್ಟೂ ಇದು ಎದ್ದು ಕಾಣುತ್ತದೆ. ಗ್ಯಾಪ್ ಕಿರಿದಾಗಿಸಿ ಡಿಪ್ ಅಗಲವಾಗಿಸಿದರೆ ಸೀಳು ಮುಚ್ಚಿಹೋಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಪ್ರಶ್ನೆ: ಲೇಸರ್ ಪವರ್ ಏರಿಸಿದಾಗ ಡಿಪ್ ಒಂದು ಕಡೆಗೆ ವಾಲಿ, ಗರಗಸದ ಹಲ್ಲಿನಂತಾಯಿತು. ಡಿಟೆಕ್ಟರ್ ಕೆಟ್ಟಿದೆಯೇ?
– ಎಂ.ಎಸ್‌ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ, ಉಂಗುರ ಬಿಸಿಯಾಗಿದೆ. ಒಳಗೆ ಪೇರಿದ ಬೆಳಕಿನಲ್ಲಿ ಒಂದಂಶವನ್ನು ಸಿಲಿಕಾನ್ ಹೀರುತ್ತದೆ. ತೀವ್ರತೆ ಹೆಚ್ಚಿದಾಗ ಎರಡೆರಡು ಫೋಟಾನ್‌ಗಳನ್ನು ಒಟ್ಟಿಗೇ ನುಂಗುವುದೂ ಸೇರಿಕೊಳ್ಳುತ್ತದೆ. ಬಿಸಿಯಾದಂತೆ ಅನುರಣನ ಹೆಚ್ಚಿನ ತರಂಗದೂರದತ್ತ ಸರಿಯುತ್ತದೆ. ಲೇಸರ್ ಅದೇ ದಿಕ್ಕಿನಲ್ಲಿ ಬರುತ್ತಿದ್ದರೆ ಡಿಪ್ ಅದರ ಮುಂದೆ ಓಡುತ್ತ ಹೋಗಿ, ಕೊನೆಗೆ ಕೈತಪ್ಪಿ ಪಟ್ಟನೆ ಹಿಂದಕ್ಕೆ ಬೀಳುತ್ತದೆ. ಖಾತ್ರಿ ಮಾಡಿಕೊಳ್ಳಲು ಲೇಸರನ್ನು ಹಿಮ್ಮುಖವಾಗಿ ಓಡಿಸಿ: ಆಕಾರ ಬದಲಾದರೆ ಬಿಸಿಯದೇ ಕಾರಣ. ಇಂಥ ರೇಖೆಯಿಂದ ತೆಗೆದ ಕ್ಯೂ ಸುಳ್ಳು. ಚಿಪ್‌ನೊಳಗಿನ ಪವರನ್ನು 0.1 ಮಿಲಿವ್ಯಾಟ್‌ಗಿಂತ ಕೆಳಗಿಳಿಸಿ. ಮತ್ತೂ 3 ಡಿಬಿ ಇಳಿಸಿದಾಗ ಅಗಲ ಬದಲಾಗದಿದ್ದರೆ ಆ ಅಳತೆಯನ್ನು ಬರೆದುಕೊಳ್ಳಬಹುದು.

ಪ್ರಶ್ನೆ: ಉಷ್ಣತೆ ಒಂದಿಷ್ಟು ಬದಲಾದರೆ ಹಳಿ ತಪ್ಪುವ ಸಾಧನವನ್ನು ಡೇಟಾ ಸೆಂಟರ್‌ನಂಥ ಬಿಸಿ ಜಾಗಕ್ಕೆ ಯಾಕೆ ಒಯ್ಯುತ್ತಾರೆ? ಮಾಕ್–ಜೆಂಡರ್ ಮಾಡ್ಯುಲೇಟರ್ ಇದೆಯಲ್ಲ.
– ನೆಟ್‌ವರ್ಕ್ ಎಂಜಿನಿಯರ್, ಮೈಸೂರು

ಉತ್ತರ: ಜಾಗ ಮತ್ತು ವಿದ್ಯುತ್ತು. ಬೆಳಕನ್ನು ಎರಡು ದಾರಿಗೆ ಸೀಳಿ ಮತ್ತೆ ಕೂಡಿಸಿ ಡೇಟಾ ಹಚ್ಚುವ ಸಿಲಿಕಾನ್‌ನ ಮಾಕ್–ಜೆಂಡರ್‌ಗೆ ಮಿಲಿಮೀಟರ್‌ಗಟ್ಟಲೆ ಉದ್ದ ಬೇಕು. 2005ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮಿಕಾಲ್ ಲಿಪ್ಸನ್ ತಂಡ ತೋರಿಸಿದ ರಿಂಗ್ ಮಾಡ್ಯುಲೇಟರ್‌ನ ವ್ಯಾಸ 12 ಮೈಕ್ರೋಮೀಟರ್. ಅಷ್ಟು ಸಣ್ಣದಕ್ಕೆ ಚಾರ್ಜ್ ತುಂಬಿ ತೆಗೆಯಲು ಖರ್ಚಾಗುವ ಶಕ್ತಿಯೂ ಸಣ್ಣದು. ಜೊತೆಗೆ, ಒಂದೇ ಕಾಲುವೆಯ ಪಕ್ಕ ಎಂಟು ಉಂಗುರ ಇಟ್ಟು ಎಂಟು ಬಣ್ಣಗಳಿಗೆ ಬೇರೆಬೇರೆ ಡೇಟಾ ಹಚ್ಚಬಹುದು. 2025ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಸಿಲಿಕಾನ್ ಫೋಟೊನಿಕ್ಸ್ ಸ್ವಿಚ್‌ಗಳಲ್ಲೂ ರಿಂಗ್ ಮಾಡ್ಯುಲೇಟರ್‌ಗಳೇ ಇವೆ.

ಕ್ಯೂ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೆಲಸ ಮಾಡದು. ಕ್ಯೂ 10,000 ಇದ್ದರೆ ಡಿಪ್‌ನ ಅಗಲ 19 ಗಿಗಾಹರ್ಟ್ಸ್, ಬೆಳಕು ಒಳಗೆ 8 ಪಿಕೋಸೆಕೆಂಡ್ ಸುಳಿದಾಡುತ್ತದೆ. ವೇಗದ ಬಿಟ್‌ಗಳು ಒಂದರ ಮೇಲೊಂದು ಕಲಸಿಹೋಗುತ್ತವೆ. ಅದಕ್ಕೇ ಮಾಡ್ಯುಲೇಟರ್‌ನಲ್ಲಿ 5,000ದ ಆಸುಪಾಸಿಗೆ ಇಳಿಸುತ್ತಾರೆ.

ಉಷ್ಣತೆಯ ಲೆಕ್ಕ ಹೀಗಿದೆ: ಡಿಗ್ರಿಗೆ ಸುಮಾರು 70 ಪಿಕೋಮೀಟರ್. ಕ್ಯೂ 5,000ದ ಡಿಪ್ 0.31 ನ್ಯಾನೋಮೀಟರ್ ಅಗಲ, ನಾಲ್ಕು ನಾಲ್ಕೂವರೆ ಡಿಗ್ರಿಗೆ ಪೂರ್ತಿ ಪಕ್ಕಕ್ಕೆ ಹೋಗುತ್ತದೆ. ಅದಲ್ಲದೆ ಕಾಲುವೆಯ ಅಗಲ 1 ನ್ಯಾನೋಮೀಟರ್ ತಪ್ಪಿದರೆ ಅನುರಣನವೂ ಸುಮಾರು 1 ನ್ಯಾನೋಮೀಟರ್ ತಪ್ಪುತ್ತದೆ. ಅಂದರೆ ಫ್ಯಾಬ್‌ನಿಂದ ಬಂದ ಯಾವ ಉಂಗುರವೂ ತಾನಾಗಿ ಸರಿಯಾದ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಪ್ರತಿಯೊಂದರ ಮೇಲೂ ಲೋಹದ ಹೀಟರ್. ಹೀಟರ್‌ಗೆ ಬಿಸಿ ಮಾಡಲಷ್ಟೇ ಗೊತ್ತು, ತಣಿಸಲು ಬಾರದು; ಆದ್ದರಿಂದ ತಣ್ಣಗಿರುವಾಗ ಅನುರಣನ ಲೇಸರ್‌ಗಿಂತ ಕಡಿಮೆ ತರಂಗದೂರದಲ್ಲಿ ಬೀಳುವಂತೆ ವಿನ್ಯಾಸ ಮಾಡಿ, ಕರೆಂಟ್ ಏರಿಸುತ್ತ ಲೇಸರ್ ಹತ್ತಿರ ತರುತ್ತಾರೆ. ಡ್ರಾಪ್ ಬದಿಯ (ಉಂಗುರದ ಇನ್ನೊಂದು ಪಕ್ಕದ ಕಾಲುವೆಯ) ಸಣ್ಣ ಫೋಟೋಡಯೋಡ್ ಎಷ್ಟು ಹತ್ತಿರ ಬಂತೆಂದು ಹೇಳುತ್ತದೆ. ಕೊನೆಗೆ ಡಿಪ್‌ನ ಯಾವ ಇಳಿಜಾರಿನಲ್ಲಿ ನಿಲ್ಲಿಸುವುದೆಂಬುದು ಮುಖ್ಯ. ಲೇಸರ್ ಕಡಿಮೆ ತರಂಗದೂರದ ಬದಿಯಲ್ಲಿದ್ದರೆ ಉಂಗುರ ತಣಿದ ಕೂಡಲೇ ಬೆಳಕು ಹೆಚ್ಚು ಹೀರಿ ತಾನೇ ಬಿಸಿಯಾಗಿ ಮರಳಿ ಬರುತ್ತದೆ. ಇನ್ನೊಂದು ಬದಿಯಲ್ಲಿದ್ದರೆ ಸ್ವಲ್ಪ ಬಿಸಿಯಾದರೂ ಇನ್ನಷ್ಟು ಹೀರಿ ಮತ್ತಷ್ಟು ಬಿಸಿಯಾಗಿ ಲೇಸರನ್ನು ದಾಟಿ ಓಡಿಬಿಡುತ್ತದೆ.

ಪ್ರಶ್ನೆ: ಹಾಲಿನ ಕಲಬೆರಕೆ ಹಿಡಿಯಲು ರಿಂಗ್ ಸೆನ್ಸರ್ ಮಾಡಬಹುದೇ?
– ಡೇರಿ ತಂತ್ರಜ್ಞರು, ಮಂಡ್ಯ

ಉತ್ತರ: ಮಾಡಬಹುದು, ಮಾಡಬೇಡಿ. ಉಂಗುರ ಅಳೆಯುವುದು ವಕ್ರೀಭವನಾಂಕವನ್ನು. ಅದು ಬದಲಾದದ್ದು ಸಕ್ಕರೆಯಿಂದಲೋ ಯೂರಿಯಾದಿಂದಲೋ ಅದಕ್ಕೆ ತಿಳಿಯದು. ನೀರಿನಲ್ಲಿ ನೂರಕ್ಕೆ 1 ಭಾಗ ಸಕ್ಕರೆ ಕರಗಿಸಿದರೆ ಸೂಚ್ಯಂಕ ಸುಮಾರು 0.0014 ಏರುತ್ತದೆ, ಅನುರಣನ 0.1 ನ್ಯಾನೋಮೀಟರ್ ಸರಿಯುತ್ತದೆ. ಒಂದೂವರೆ ಡಿಗ್ರಿ ಬಿಸಿಯಾದರೂ ಅಷ್ಟೇ ಸರಿಯುತ್ತದೆ. ಅದರ ಮೇಲೆ ಹಾಲಿನ ಕೊಬ್ಬಿನ ಹನಿಗಳು, ಪ್ರೋಟೀನು ಸಿಲಿಕಾನ್‌ಗೆ ಅಂಟಿ ಗಳಿಗೆಗಳಿಗೆಗೂ ಓದು ಜಾರುತ್ತದೆ. ನಿಮ್ಮ ಸಂಘದಲ್ಲಿರುವ ಲ್ಯಾಕ್ಟೋಮೀಟರೇ ಈ ಕೆಲಸಕ್ಕೆ ವಾಸಿ.

ಶೋಧಿಸಿದ ದ್ರವದಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ಹುಡುಕುವುದಾದರೆ ಮಾತು ಬೇರೆ. ಆಗ ಉಂಗುರದ ಮೇಲೆ ಆ ಪ್ರೋಟೀನನ್ನಷ್ಟೇ ಹಿಡಿಯುವ ಆಂಟಿಬಾಡಿ ಕೂರಿಸಿ. ಪಕ್ಕದಲ್ಲಿ ಆಕ್ಸೈಡ್ ಮುಚ್ಚಿದ ಇನ್ನೊಂದು ಉಂಗುರವಿಟ್ಟು, ಅದರ ಅನುರಣನ ಸರಿದಷ್ಟನ್ನು ಕಳೆಯಿರಿ. ನೀರು 1550 ನ್ಯಾನೋಮೀಟರ್ ಬೆಳಕನ್ನು ಚೆನ್ನಾಗಿ ಹೀರಿ ಕ್ಯೂ ಕೆಡಿಸುತ್ತದೆ. 1310ರಲ್ಲಿ ಹೀರುವುದು ಅದರ ಹತ್ತನೇ ಒಂದರಷ್ಟು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕ್ಲೀನ್‌ರೂಮ್ ಇಲ್ಲ. ರಿಂಗ್ ರೆಸೊನೇಟರನ್ನು ಮಕ್ಕಳ ಕಣ್ಣಿಗೆ ತೋರಿಸುವ ದಾರಿ ಇದೆಯೇ?
– ಭೌತಶಾಸ್ತ್ರ ಅಧ್ಯಾಪಕಿ, ಶಿವಮೊಗ್ಗ

ಉತ್ತರ: ಇದೆ, ಫೈಬರ್‌ನಲ್ಲಿ. ಬೇಕಾದದ್ದು: 1550 ನ್ಯಾನೋಮೀಟರ್‌ನ ಡಿಎಫ್‌ಬಿ ಲೇಸರ್ (ಒಂದೇ ತರಂಗದೂರ ಕೊಡುವ ಬಗೆಯದು; ರೇಖೆಯ ಅಗಲ 2 ಮೆಗಾಹರ್ಟ್ಸ್‌ಗಿಂತ ಕಡಿಮೆ ಇರಲಿ), ಬೆಳಕು ಲೇಸರ್‌ಗೆ ಮರಳದಂತೆ ತಡೆಯುವ ಐಸೊಲೇಟರ್, ಎರಡು ಒಳತುದಿ ಎರಡು ಹೊರತುದಿಯ 90:10 ಕಪ್ಲರ್, ಪೋಲರೈಸೇಷನ್ ಪ್ಯಾಡಲ್, ಫೋಟೋಡಯೋಡ್, ಆಸಿಲೋಸ್ಕೋಪ್, ಒಂದು ದಿನಕ್ಕೆ ಎರವಲು ತಂದ ಸ್ಪ್ಲೈಸರ್ (ಫೈಬರ್ ಬೆಸೆಯುವ ಯಂತ್ರ).

ಲೇಸರನ್ನು ಐಸೊಲೇಟರ್ ಮೂಲಕ ಮೊದಲ ಒಳತುದಿಗೆ ಕೊಡಿ. 10 ಭಾಗ ಬರುವ ಹೊರತುದಿಯನ್ನು ಎರಡನೇ ಒಳತುದಿಗೆ ಸ್ಪ್ಲೈಸ್ ಮಾಡಿದರೆ ಕುಣಿಕೆ ಸಿದ್ಧ. 90 ಭಾಗದ ತುದಿ ಫೋಟೋಡಯೋಡ್‌ಗೆ. ತುಂಬ ಜನ ಬೆಳಕು ಹೆಚ್ಚಿರಲಿ ಎಂದು 90ರ ತುದಿಯನ್ನೇ ಕುಣಿಕೆಗೆ ಹಾಕುತ್ತಾರೆ. ಆಗ ಸುತ್ತಿ ಬಂದ ಬೆಳಕಿನಲ್ಲಿ 90 ಭಾಗ ಒಂದೇ ಸುತ್ತಿಗೆ ಹೊರಗೆ ಹೋಗಿ, ಡಿಪ್ ಎಂಬುದೇ ಹುಟ್ಟುವುದಿಲ್ಲ.

ಕುಣಿಕೆ 1 ಮೀಟರ್ ಇದ್ದರೆ ಎಫ್‌ಎಸ್‌ಆರ್ ಸುಮಾರು 204 ಮೆಗಾಹರ್ಟ್ಸ್. ಸ್ಪ್ಲೈಸ್ ಮತ್ತು ಕಪ್ಲರ್ ಸೇರಿ ಸುತ್ತಿಗೆ ನೂರಕ್ಕೆ 6 ಭಾಗ ನಷ್ಟವಾದರೆ ಡಿಪ್‌ನ ಅಗಲ 5ರಿಂದ 6 ಮೆಗಾಹರ್ಟ್ಸ್. 1 ಪಿಕೋಮೀಟರ್ ಎಂದರೆ 125 ಮೆಗಾಹರ್ಟ್ಸ್, ಹಾಗಾಗಿ ಹೆಜ್ಜೆ ಹಾಕುವ ಟ್ಯೂನಬಲ್ ಲೇಸರ್ ಇಲ್ಲಿ ಕೆಲಸಕ್ಕೆ ಬಾರದು. ಡಿಎಫ್‌ಬಿಯ ಕರೆಂಟ್‌ಗೆ ಒಂದೆರಡು ಮಿಲಿಆಂಪ್‌ನ ತ್ರಿಕೋನ ಅಲೆ ಸೇರಿಸಿ. ಆಸಿಲೋಸ್ಕೋಪ್‌ನಲ್ಲಿ ಕೆಲವು ಡಿಪ್‌ಗಳು ಒಟ್ಟಿಗೆ ಬರುತ್ತವೆ. ಎರಡು ಸಾಲು ಕಂಡರೆ ಗಾಬರಿ ಬೇಡ, ಪ್ಯಾಡಲ್ ತಿರುಗಿಸಿ ಒಂದನ್ನು ಅಡಗಿಸಿ.

ಡಿಪ್‌ಗಳು ನಿಲ್ಲದೆ ತೇಲುತ್ತವೆ. ಫೈಬರ್ ಒಂದು ಡಿಗ್ರಿ ಬಿಸಿಯಾದರೆ ಅನುರಣನ ಸುಮಾರು 1.3 ಗಿಗಾಹರ್ಟ್ಸ್ ಸರಿಯುತ್ತದೆ, ಆರು ಎಫ್‌ಎಸ್‌ಆರ್‌ಗಿಂತ ಹೆಚ್ಚು. ಕುಣಿಕೆಯನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಫ್ಯಾನ್ ಆರಿಸಿ. ತೋರಿಸುವಾಗ ಮಾತ್ರ ಮುಚ್ಚಳ ತೆಗೆದು, ಫೈಬರ್ ಹತ್ತಿರ ಅಂಗೈ ಹಿಡಿಯಲು ಒಬ್ಬ ವಿದ್ಯಾರ್ಥಿಗೆ ಹೇಳಿ. ಡಿಪ್‌ಗಳು ಪರದೆಯ ಮೇಲೆ ಒಂದರ ಹಿಂದೊಂದು ಸಾಗುವುದು ಎಲ್ಲರಿಗೂ ಕಾಣುತ್ತದೆ. ಈ ಬೆಳಕು ಕಣ್ಣಿಗೆ ಕಾಣದು. ಲೇಸರ್ ಉರಿಯುತ್ತಿರುವಾಗ ಯಾರೂ ಫೈಬರ್‌ನ ತುದಿಯೊಳಗೆ ಇಣುಕಬಾರದು.